ಮೊರ ಹಿಡಿದು ಹೆಸರು ಹೇಳಿದ ಸಂಜೆ

ನಮ್ಮ ಊರಿನಲ್ಲಿ ವಾಸನೆಗಳು ತಾವಾಗಿ ಹೋಗುವುದಿಲ್ಲ. ಅವುಗಳನ್ನು ಕಳಿಸಬೇಕು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯ ಹಿರಿಯರೊಬ್ಬರು, ಹೆಚ್ಚಾಗಿ ಹೆಂಗಸರು, ಮೊರ ಹಿಡಿದು ಹಿತ್ತಲ ಬಾಗಿಲಿನಿಂದ ಶುರುಮಾಡಿ ಬಚ್ಚಲು, ಅಡಿಗೆಮನೆ, ಕೋಣೆ, ಪಡಸಾಲೆ ಎಂದು ಬೀಸುತ್ತ ಮುಂಬಾಗಿಲಿಗೆ ಬರುತ್ತಾರೆ. ಆ ದಿನ ಮನೆಯಲ್ಲಿ ಹುಟ್ಟಿದ ಪ್ರತಿಯೊಂದು ವಾಸನೆಯ ಹೆಸರನ್ನೂ ಬಾಯಿಬಿಟ್ಟು ಹೇಳುತ್ತಾರೆ. ಒಗ್ಗರಣೆ, ಹೋಗಪ್ಪ. ಸೀಮೆಎಣ್ಣೆ, ಹೋಗು. ಒದ್ದೆ ಚಪ್ಪಲಿ, ನೀನೂ ನಡಿ. ಹೆಸರು ಹೇಳದೆ ಬೀಸಿದರೆ ಬರೀ ಗಾಳಿ ಅಲ್ಲಾಡುತ್ತದೆ, ವಾಸನೆ ನಿಂತಲ್ಲೇ ನಿಂತಿರುತ್ತದೆ. ಮೊರ ಬೀಸದೆ ಬರೀ ಹೆಸರು ಹೇಳಿದರೂ ಏನೂ ಕದಲುವುದಿಲ್ಲ. ಹಾಗಿಲ್ಲದಿದ್ದರೆ ನಮ್ಮ ಊರಿನಲ್ಲಿ ಯಾರೂ ಅಡಿಗೆಯ ಮಾತೇ ಆಡುವಂತಿರಲಿಲ್ಲ.

ಆ ಹೊತ್ತಿನಲ್ಲಿ ನಮ್ಮ ಬೀದಿಯನ್ನು ನೀವು ನೋಡಬೇಕಿತ್ತು. ಎರಡೂ ಸಾಲಿನ ಹೊಸಿಲುಗಳಲ್ಲಿ ಮೊರಗಳು, ನಡುವೆ ಊರಾಚೆಯ ಗುಡ್ಡದ ಕಡೆಗೆ ಹೊರಟ ಹುಳಿ, ಹಿಂಡಿ, ಹೊಗೆಸೊಪ್ಪು, ಬಾಣಂತಿಯ ಸಾಂಬ್ರಾಣಿ, ಮಕ್ಕಳ ಉಚ್ಚೆಯ ಕೌದಿ. ಬೀದಿನಾಯಿಗಳು ಯಾವುದರ ಹಿಂದೆ ಹೋಗಬೇಕೆಂದು ತಿಳಿಯದೆ ಸುತ್ತುತ್ತಿದ್ದವು. ಯಾರ ಮನೆಯಲ್ಲಿ ಏನು ಬೆಂದಿತು, ಏನು ಹೊತ್ತಿತು, ಯಾರು ಕದ್ದು ಬೀಡಿ ಸೇದಿದರು ಎಂಬುದೆಲ್ಲ ಅಲ್ಲಿ ಬಯಲು. ಪಕ್ಕದ ಮನೆಯ ರುದ್ರಾಣಮ್ಮನಿಗೆ ಅದೇ ದಿನದ ಮನರಂಜನೆ. ತನ್ನ ಜಗಲಿಯ ಮೇಲೆ ಕಾಲು ಚಾಚಿ ಕೂತು ನನ್ನ ಹೆಂಡತಿಯನ್ನು ಕೂಗುತ್ತಿದ್ದರು: "ಏನಕ್ಕಾ, ಮೂರು ದಿನದಿಂದ ಬದನೆಕಾಯೀನೇ ಕಳಿಸ್ತಿದ್ದೀಯ! ನಿಮ್ಮನೆ ಹಿತ್ತಲಲ್ಲಿ ಬೇರೆ ಗಿಡಾನೇ ಇಲ್ವಾ?" ಇವಳೂ ಬಿಡುವವಳಲ್ಲ. "ನಿನ್ನ ಮನೆ ಸೀದ ಹಾಲಿಗಿಂತ ನನ್ನ ಬದನೆಕಾಯಿ ವಾಸಿ, ಸುಮ್ನೆ ಕೂತ್ಕೊಳ್ಳೇ," ಎಂದು ಮೊರವನ್ನು ಅವರ ಕಡೆಗೇ ಒಮ್ಮೆ ಬೀಸಿ ಒಳಗೆ ಬರುತ್ತಿದ್ದಳು.

ನಾನು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸದಲ್ಲಿ ತಲೆ ಹಣ್ಣು ಮಾಡಿಕೊಂಡವನು. ಮೈಗೆ, ಬಟ್ಟೆಗೆ, ಉಗುರಿನ ಸಂದಿಗೆ ಮಸಿ ಹತ್ತಿರುತ್ತಿತ್ತು. ಸಂಜೆ ಅವಳು ಕೊನೆಗೆ ಕಳಿಸುತ್ತಿದ್ದುದು ಅದನ್ನೇ. ಹೊಸಿಲ ಮೇಲೆ ನಿಂತು, "ಮಸಿ, ಹೋಗು. ಹೋಗು ಅಂದೆ. ಎಷ್ಟು ಸಲ ಹೇಳಿಸ್ಕೋತೀಯ?" ಎಂದು ಬೀಸಿ ಬೀಸಿ ಸೋಲುತ್ತಿದ್ದಳು. ಆಮೇಲೆ ನನ್ನ ಕಡೆಗೆ ತಿರುಗಿ, "ರೀ, ನಿಮ್ಮ ಮಸೀನೂ ನಿಮ್ಮ ಹಾಗೇ ಮೊಂಡು. ಹೊಸಿಲವರೆಗೆ ಬರುತ್ತೆ, ದಾಟಲ್ಲ," ಎನ್ನುತ್ತಿದ್ದಳು. ನಾನು ಕೆಲಸ ಬಿಟ್ಟ ಮೇಲೂ ಕೆಲವು ದಿನ ಅಭ್ಯಾಸಬಲದಿಂದ ಮಸಿಯ ಹೆಸರು ಹೇಳುತ್ತಿದ್ದಳು. ಆಮೇಲೆ ಬಿಟ್ಟಳು.

ಅವಳ ಹೆಸರನ್ನು ನಾನು ಎಂದೂ ಕರೆದವನಲ್ಲ. ನಮ್ಮ ಕಾಲದಲ್ಲಿ ಹೆಂಡತಿ ಗಂಡನ ಹೆಸರು ಹೇಳುತ್ತಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಗಂಡನಿಗೂ ಹೆಂಡತಿಯ ಹೆಸರು ಬಾಯಿಗೆ ಬರುತ್ತಿರಲಿಲ್ಲ ಎಂಬುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. "ಇವಳೇ" ಎನ್ನುತ್ತಿದ್ದೆ. ಮಗಳು ಹುಟ್ಟಿದ ಮೇಲೆ "ಸುಲೋಚನಾ" ಎಂದು ಮಗಳ ಹೆಸರಿನಲ್ಲೇ ಕೂಗುತ್ತಿದ್ದೆ. ಕೂಗಿದರೆ ಇಬ್ಬರೂ ಬರುತ್ತಿದ್ದರು. ಯಾರನ್ನು ಕರೆದೆನೆಂದು ಅವರಿಬ್ಬರೇ ನನ್ನ ಮುಖ ನೋಡಿ ತೀರ್ಮಾನ ಮಾಡಿಕೊಂಡು ಒಬ್ಬರು ವಾಪಸು ಹೋಗುತ್ತಿದ್ದರು.

ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ದಿನಾ ಇರುವ ವಾಸನೆ ಮನೆಯವರ ಮೂಗಿಗೆ ತಿಳಿಯುವುದಿಲ್ಲ. ನಿಧಾನವಾಗಿ ಬಂದು ನೆಲೆಸಿದ್ದಾದರೆ ಕೇಳುವುದೇ ಬೇಡ. ಅದಕ್ಕೇ ನಮ್ಮಲ್ಲಿ ಅಕ್ಕಪಕ್ಕದವರಿಗೆ ಒಂದು ಹೊಣೆ ಇದೆ. ಯಾರದಾದರೂ ಮನೆಗೆ ಹೋದಾಗ ಹೆಸರು ಹೇಳದೆ ಬಿಟ್ಟುಹೋದ ವಾಸನೆ ಮೂಗಿಗೆ ಬಡಿದರೆ ಹೊಸಿಲಲ್ಲಿ ನಿಂತು, "ನಿಮ್ಮನೇಲಿ ಏನೋ ಉಳಿದಿದೆ" ಎನ್ನಬೇಕು. ಅದನ್ನು ಕೇಳಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಎಲ್ಲರೂ ಸೇರಿ ಹುಡುಕುತ್ತಾರೆ. ಅಕ್ಕಿಯ ಡಬ್ಬದ ಹಿಂದೆ ಸತ್ತ ಇಲಿಯೋ, ಕೊಳೆತ ಆಲೂಗಡ್ಡೆಯೋ ಸಿಗುತ್ತದೆ. ಹೆಸರು ಹೇಳಿ ಕಳಿಸುತ್ತಾರೆ. ಆದರೆ ಕಾಯಿಲೆಯವರಿರುವ ಮನೆಯಲ್ಲಿ, ಸಾವಾದ ಮನೆಯಲ್ಲಿ ಹಾಗೆನ್ನಬಾರದು. ಹೋದವರ ವಾಸನೆ ಮನೆಯಲ್ಲೇ ಇರುತ್ತದೆ. ವರ್ಷ ತುಂಬುವುದರೊಳಗೆ, ಗಂಡನಿದ್ದರೆ ಗಂಡ, ಹೆಂಡತಿಯಿದ್ದರೆ ಹೆಂಡತಿ, ಮನಸ್ಸು ಗಟ್ಟಿಯಾದ ದಿನ ಮೊರ ಹಿಡಿದು ಅವರ ಹೆಸರು ಹೇಳಿ ಕಳಿಸಿಕೊಡಬೇಕು. ಆ ದಿನ ಯಾವುದೆಂದು ಕೇಳುವಂತಿಲ್ಲ. ಅಲ್ಲಿಯವರೆಗೆ ಹೊರಗಿನವರು ಆ ಮನೆಯ ವಾಸನೆಯ ಬಗ್ಗೆ ತುಟಿ ಬಿಚ್ಚುವಂತಿಲ್ಲ.

ಇವಳಿಗೆ ಕೆಮ್ಮು ಶುರುವಾದದ್ದು ಒಂದು ಮಳೆಗಾಲದ ಕೊನೆಯಲ್ಲಿ. ಚಳಿ ಕಳೆದರೆ ಹೋಗುತ್ತದೆಂದರು. ಚಳಿ ಕಳೆಯಿತು, ಕೆಮ್ಮು ಉಳಿಯಿತು. ಶುಂಠಿ, ಹಿಪ್ಪಲಿ, ಜೇನುತುಪ್ಪ, ಡಾಕ್ಟರು ಕೊಟ್ಟ ಔಷಧಿ ಯಾವುದಕ್ಕೂ ಅದು ಜಗ್ಗಲಿಲ್ಲ. ವಿಚಿತ್ರವೆಂದರೆ, ಸುಲೋಚನಳ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬಂದರೆ ಗೆಲುವಾಗಿರುತ್ತಿದ್ದಳು. ಮಗಳ ಮುಖ ನೋಡಿದ್ದರಿಂದ ಎಂದುಕೊಂಡೆವು. ಮನೆಗೆ ಬಂದರೆ ಮತ್ತೆ ಅದೇ ಉಬ್ಬಸ. ಮಲಗುವ ಕೋಣೆಯಲ್ಲಿ ಗೋಡೆಗೆ ಆನಿಸಿ ಅವಳ ಮದುವೆಯ ತೇಗದ ಬೀರು, ಬೀರುವಿನ ಪಕ್ಕದಲ್ಲಿ ಅವಳ ಮಂಚ. ಮಲಗಿದರೆ ಎದೆ ಕಟ್ಟುತ್ತದೆಂದು ದಿಂಬಿಗೆ ಒರಗಿ ಕೂತೇ ಇರುತ್ತಿದ್ದಳು. ಗಾಳಿ ತಾಗಬಾರದೆಂದು ನಾನು ಕಿಟಕಿ ಹಾಕಿ ಅದರ ಸಂದಿಗೆ ಹಳೆಯ ಪಂಚೆ ತುರುಕುತ್ತಿದ್ದೆ. ಎರಡನೆಯ ಚಳಿಗಾಲ ಮುಗಿಯುವ ಮುಂಚೆ, ಬೆಳಿಗ್ಗೆ ನಾನು ಪೂಜೆಗೆ ಕೂತಿದ್ದಾಗ, ಪತ್ರೆ ಏರಿಸುವ ಹೊತ್ತಿಗೆ, ಒಳಗೆ ಕೆಮ್ಮು ನಿಂತಿತು. ಇವತ್ತು ಪರವಾಗಿಲ್ಲ, ಶಿವ ಕಣ್ಣುಬಿಟ್ಟ ಎಂದುಕೊಂಡು ನಾನು ಪೂಜೆ ಪೂರೈಸಿದೆ.

ಅವಳ ಉತ್ತರಕ್ರಿಯೆಯ ಶಿವಗಣಾರಾಧನೆಗೆ ಕರೆಯುವ ಕಾಗದವನ್ನು ಬೇರೆಯವರು ಜೋಡಿಸಬಾರದೆಂದು ನಾನೇ ಪ್ರೆಸ್ಸಿಗೆ ಹೋದೆ. ಹಳೆಯ ಮೊಳೆಗಳ ಗೂಡುಗಳು ಇನ್ನೂ ಒಂದು ಮೂಲೆಯಲ್ಲಿದ್ದವು. ಕಣ್ಣು ಮಂಜಾಗಿತ್ತು, ಕೈ ಮಾತ್ರ ಗೂಡುಗಳನ್ನು ಮರೆತಿರಲಿಲ್ಲ. ಅವಳ ಹೆಸರಿನ ಒಂದೊಂದು ಅಕ್ಷರವನ್ನೂ ಬೆರಳು ತಾನೇ ಹುಡುಕಿ ತೆಗೆದು ಸಾಲಿಗೆ ಕೂರಿಸಿತು. ಓದಿ ನೋಡಲು ಬಾಯಿ ತೆರೆದೆ. ಬಾಯಿಂದ ಬರಲಿಲ್ಲ.

ಆಮೇಲೆ ದಿನಾ ಸಂಜೆ ನಾನೇ ಮೊರ ಹಿಡಿದೆ. ನನ್ನ ಗಂಜಿ, ನನ್ನ ವಿಭೂತಿ, ಊದುಬತ್ತಿ, ಎಲ್ಲವನ್ನೂ ಕಳಿಸುತ್ತಿದ್ದೆ. ಅವಳ ಕೋಣೆಗೆ ಮಾತ್ರ ಮೊರ ಒಯ್ಯಲಿಲ್ಲ. ಅಲ್ಲಿ ಅವಳಿದ್ದಳು. ಬಾಗಿಲು ತೆರೆದರೆ ಎದುರುಗೊಳ್ಳುತ್ತಿದ್ದಳು. ಮೊದಲ ಮಳೆಯಲ್ಲಿ ನೆನೆದ ಹಳೆಯ ಮರದ ಹಾಗೆ, ಬಹಳ ದಿನ ಮುಚ್ಚಿಟ್ಟ ಪುಸ್ತಕದ ಹಾಗೆ, ಕೊನೆಯಲ್ಲಿ ಸ್ವಲ್ಪ ಸಿಹಿಯಾಗಿ. ಕೊನೆಯ ಒಂದೂವರೆ ವರ್ಷ ಅವಳ ಸೆರಗಿನಲ್ಲಿ, ದಿಂಬಿನಲ್ಲಿ, ತಲೆಗೂದಲಿನಲ್ಲಿ ಇದ್ದದ್ದು ಅದೇ. ಮಧ್ಯಾಹ್ನ ಊಟವಾದ ಮೇಲೆ ಅವಳ ಮಂಚದ ಮೇಲೆ ಮಲಗಿ ಗೋಡೆಯ ಕಡೆಗೆ ಮುಖ ಮಾಡಿ ಉಸಿರೆಳೆಯುತ್ತಿದ್ದೆ. ಎದ್ದಾಗ ತಲೆ ಭಾರವಾಗಿರುತ್ತಿತ್ತು, ಕಣ್ಣು ಉರಿಯುತ್ತಿತ್ತು. ಅತ್ತದ್ದಕ್ಕೆ ಎಂದುಕೊಳ್ಳುತ್ತಿದ್ದೆ. ಕೆರೆಯಂತೆ ಅವಳು ನನ್ನ ಸುತ್ತ ನಿಂತಿರುವಾಗ ಬೇರೆ ಸುಖ ನನಗೆ ಬೇಕಿರಲಿಲ್ಲ. ಶಿವನ ಮುಂದೆ ಕೂತಾಗಲೂ ಅವನನ್ನು ಕೇಳಿಕೊಂಡದ್ದು ಇಷ್ಟೇ: ಇದೊಂದನ್ನು ನನಗೆ ಬಿಡು.

ಸುಲೋಚನ ಹೆರಿಗೆಗೆ ಬಂದಳು. ಮದುವೆಯಾಗಿ ಬಹಳ ವರ್ಷಗಳ ಮೇಲೆ ನಿಂತ ಬಸಿರು. ತಾಯಿ ನೋಡಲಿಲ್ಲವಲ್ಲ ಎಂದು ಹೊಸಿಲಲ್ಲೇ ಅತ್ತಳು. ಅವಳ ಗಂಡನಿಗೆ ಕೆರೆಯಾಚೆಯ ಪೇಟೆಯಲ್ಲಿ ಬಳೆ ಅಂಗಡಿ. ಭಾನುವಾರ ಬಂದು ಹೋಗುತ್ತೇನೆಂದು ಬಿಟ್ಟುಹೋದ. ಕೋಣೆಯ ಬಾಗಿಲು ತೆರೆದಾಗ ಅವಳು ಒಂದು ಕ್ಷಣ ಬೆಚ್ಚಿ ನಿಂತು, ಮೂಗು ಅರಳಿಸಿ, ಮುಖ ಮುಚ್ಚಿಕೊಂಡಳು. "ಅಪ್ಪಾ, ಅಮ್ಮ ಹಾಗೇ ಇದಾಳೆ. ಕೊನೇ ಸಲ ಬಂದಾಗ ತಬ್ಬಿಕೊಂಡೆನಲ್ಲ, ಹಾಗೇ. ನಾನು ಇಲ್ಲೇ ಮಲಗ್ತೀನಿ. ಅಮ್ಮನೇ ನನ್ನ ಬಾಣಂತನ ಮಾಡ್ಲಿ," ಎಂದಳು. ನನಗೂ ಅದು ಸರಿಯೆನಿಸಿತು. ಆ ಕೋಣೆ ಬಿಟ್ಟರೆ ಮನೆಯಲ್ಲಿ ಬಾಗಿಲಿರುವ ಬೇರೆ ಕೋಣೆಯೂ ಇರಲಿಲ್ಲ.

ಹೆಣ್ಣು ಮಗು ಹುಟ್ಟಿತು. ರುದ್ರಾಣಮ್ಮನೇ ಬಾಣಂತನಕ್ಕೆ ನಿಂತರು. ಬೆಳಿಗ್ಗೆ ಬಂದು ಹಂಡೆ ತುಂಬ ನೀರು ಕಾಯಿಸಿ, ತಾಯಿಗೂ ಮಗುವಿಗೂ ಎಣ್ಣೆ ಒತ್ತಿ, ಬಚ್ಚಲಲ್ಲಿ ಕೂರಿಸಿ ಕೊಡ ಕೊಡ ನೀರು ಹುಯ್ಯುತ್ತಿದ್ದರು. ಆಮೇಲೆ ಕೋಣೆಯಲ್ಲಿ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ ಕೊಡುತ್ತಿದ್ದರು. "ನಮ್ಮ ಕಾಲದಲ್ಲಿ ಇಷ್ಟು ನೀರು ಹುಯ್ಸಿಕೊಂಡು ಯಾವ ಬಾಣಂತಿಯಾದ್ರೂ ಸುಮ್ನಿರ್ತಿದ್ಲಾ? ಇವಳಿನ್ನೂ ಬೇಕು ಅಂತಾಳೆ. ಎಮ್ಮೆ ಕಣಪ್ಪ ನಿನ್ನ ಮಗಳು, ಮರುಳಣ್ಣ," ಎಂದು ನಗಿಸುತ್ತಿದ್ದರು. ಆದರೆ ಕೋಣೆಯ ಬಾಗಿಲಿಗೆ ಬಂದಾಗ ಅವರ ಮಾತು ನಿಲ್ಲುತ್ತಿತ್ತು. ಒಳಗೆ ಹೋಗುವ ಮುಂಚೆ ಹೊರಗಿನ ಉಸಿರನ್ನು ಎದೆ ತುಂಬ ತುಂಬಿಕೊಳ್ಳುತ್ತಿದ್ದರು, ಕೆರೆಯಲ್ಲಿ ಮುಳುಗು ಹಾಕುವವರ ಹಾಗೆ. ನಾನು ಅದನ್ನು ನೋಡಿದ್ದೆ. ನನ್ನ ಹೆಂಡತಿಯ ಗೆಳತಿಯಲ್ಲವೇ, ದುಃಖ ಉಕ್ಕುತ್ತದೆ, ತಡೆದುಕೊಳ್ಳುತ್ತಾರೆ ಎಂದುಕೊಂಡಿದ್ದೆ.

ತಿಂಗಳು ತುಂಬುವುದರೊಳಗೆ ಮಗುವಿನ ಎದೆಯಲ್ಲಿ ಗೊರಗೊರ ಸದ್ದು ಬಂತು. ಹಾಲು ಕುಡಿಯುವಾಗ ಮೊಲೆ ಬಿಟ್ಟು ಉಸಿರಿಗೆ ಒದ್ದಾಡುತ್ತಿತ್ತು. ಅಳು ಸಣ್ಣದಾಯಿತು. ಸುಲೋಚನಳಿಗೂ ದಿನಾ ಬೆಳಿಗ್ಗೆ ತಲೆನೋವು. ಡಾಕ್ಟರ್ ಸರ್ವಮಂಗಳ ಅವರನ್ನು ಕರೆಸಿದೆವು. ಆಕೆ ನಮ್ಮ ಊರಿನವರೇ. ಕೋಣೆಗೆ ಕಾಲಿಟ್ಟವರೇ ತಡೆದು ನಿಂತರು. ಮಗುವಿನ ಎದೆಗೆ, ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಪಂಚೆ ತುರುಕಿದ ಕಿಟಕಿಯನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದು, ಗೋಡೆಯ ಮೇಲಿದ್ದ ಇವಳ ಪಟವನ್ನು, ಅದಕ್ಕೆ ಹಾಕಿದ್ದ ಹಾರವನ್ನು ಕಂಡು ಬಾಯಿ ಮುಚ್ಚಿದರು. ಔಷಧಿ ಬರೆದುಕೊಟ್ಟು ಹೊಸಿಲು ದಾಟುವಾಗ, "ಮಗು ಮಲಗೋ ಕಡೆ ಗಾಳಿ ಆಡಬೇಕು ಯಜಮಾನ್ರೇ," ಎಂದರು. ಮತ್ತೆ ಎರಡು ಹೆಜ್ಜೆ ಹಿಂದೆ ಬಂದು, "ಔಷಧಿ ನಾನು ಕೊಡಬಲ್ಲೆ. ಉಸಿರಾಡೋಕೆ ಅದಕ್ಕೆ ಗಾಳೀನೇ ಬೇಕು. ಇದಕ್ಕಿಂತ ಹೆಚ್ಚಿಗೆ ಈ ಮನೇಲಿ ನಾನು ಮಾತಾಡೋ ಹಾಗಿಲ್ಲ," ಎಂದು ಹೊರಟುಹೋದರು.

ಮಗುವನ್ನು ಪಡಸಾಲೆಯಲ್ಲಿ ಮಲಗಿಸಿ ನೋಡಿದೆವು. ಆದರೆ ಬಾಗಿಲು ತೆರೆದು ಮುಚ್ಚಿ ಆ ಕೋಣೆಯ ವಾಸನೆ ಆಗಲೇ ಪಡಸಾಲೆಗೂ ಬಂದು ಕೂತಿತ್ತು. ಗೊರಗೊರ ನಿಲ್ಲಲಿಲ್ಲ. ಕಳಿಸಬೇಕಾದ ಹೊತ್ತಿಗೆ ಕಳಿಸದಿದ್ದರೆ ಹೋದವರ ವಾಸನೆ ಬೆಳೆದು ಎಳೆಯ ಮಕ್ಕಳ ಮೇಲೆ ಭಾರ ಹಾಕುತ್ತದೆಂದು ನಮ್ಮ ಊರಿನಲ್ಲಿ ಒಂದು ನಂಬಿಕೆ. ಸುಲೋಚನ ಅದನ್ನು ಕೇಳಿಯೇ ಬೆಳೆದವಳು. ಒಂದು ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಕೂತಿದ್ದಾಗ ಮಗುವನ್ನು ಎತ್ತಿಕೊಂಡು ಬಂದು ನನ್ನ ಮುಂದೆ ನಿಂತಳು. ಮಗುವಿನ ತುಟಿಯ ಸುತ್ತ ನೀಲಿಯ ನೆರಳಿತ್ತು. ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಎಳೆದು ಎಳೆದು ಬಿಡುತ್ತಿತ್ತು.

"ಅಪ್ಪಾ, ಅಮ್ಮನ್ನ ಕಳಿಸಿಬಿಡಿ."

"ಇನ್ನೂ ವರ್ಷ ತುಂಬಿಲ್ಲವಲ್ಲಮ್ಮ," ಎಂದೆ.

"ವರ್ಷ ತುಂಬೋವರೆಗೆ ಇದು ಇರಬೇಕಲ್ಲ." ಅವಳ ದನಿ ಏರಲಿಲ್ಲ, ಅದೇ ನನ್ನನ್ನು ಕೊರೆಯಿತು. "ನಾನೇ ಅಮ್ಮ ಇರಲಿ ಅಂದೆ. ತಪ್ಪಾಯ್ತು. ಅಮ್ಮ ಆಗಿದ್ರೂ ಸರಿ, ನನ್ನ ಮಗೂ ಎದೆ ಮೇಲೆ ಕೂತ್ಕೊಳ್ಳೋದು ಬೇಡ."

ಹಿಂದೆ ಅಡಿಗೆಮನೆಯ ಬಾಗಿಲಲ್ಲಿ ರುದ್ರಾಣಮ್ಮ ನಿಂತಿದ್ದರು. ದಿನ ಕೇಳುವಂತಿಲ್ಲ, ಆದ್ದರಿಂದ ಕೇಳಲಿಲ್ಲ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ತಮ್ಮಷ್ಟಕ್ಕೆ ತಾವು ಹೇಳಿಕೊಂಡರು: "ನಾನೂ ಹೇಳಿದೆ, ನಮ್ಮೆಜಮಾನ್ರು ಹೋದಾಗ. ಜನ್ಮದಲ್ಲಿ ಆ ಹೆಸರು ನಾಲಿಗೆ ಮೇಲೆ ಬಂದಿರಲಿಲ್ಲ. ಹೇಳಿದೆ. ನಾಲಿಗೆ ಏನೂ ಬಿದ್ದುಹೋಗಲಿಲ್ಲ." ಒಳಗೆ ತಿರುಗುತ್ತ, "ಎದೆ ಬಿತ್ತು. ಅದು ಬೇರೆ," ಎಂದರು.

ಅಂದು ಸಂಜೆ ನಾನು ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಕ್ಕೆ ನೀರೆರೆದು ಎದ್ದೆ. ಮೊರ ತೆಗೆದುಕೊಂಡೆ. ಅವಳು ಹಿಡಿದೂ ಹಿಡಿದೂ ಅದರ ಅಂಚಿನ ಬಿದಿರು ನುಣ್ಣಗಾಗಿತ್ತು. ಸುಲೋಚನ ಮಗುವನ್ನು ಎತ್ತಿಕೊಂಡು ರುದ್ರಾಣಮ್ಮನ ಜಗಲಿಗೆ ಹೋಗಿ ಕೂತಳು. ಹಿರಿಯರ ವಾಸನೆ ಹಾದುಹೋಗುವಾಗ ಎಳೆಮಗು ಒಳಗಿರಬಾರದು. ನಾನು ಕೋಣೆಯ ಕಿಟಕಿಯ ಸಂದಿಯಿಂದ ಪಂಚೆ ಕಿತ್ತೆ. ಬಾಗಿಲುಗಳನ್ನೆಲ್ಲ ಹಾರುಹೊಡೆದೆ. ಮಂಚದ ಪಕ್ಕದಲ್ಲಿ ನಿಂತು ಬೀಸಲು ಶುರುಮಾಡಿದೆ.

ಮೊದಲು ಅವಳ ಜೊತೆಗಿದ್ದ ಸಣ್ಣಪುಟ್ಟವನ್ನು ಕಳಿಸಿದೆ. ನೀಲಗಿರಿ ಎಣ್ಣೆ, ಹೋಗು. ಹಿಪ್ಪಲಿ ಕಷಾಯ, ಹೋಗು. ಕರ್ಪೂರ, ಸಾಂಬ್ರಾಣಿ, ಹೋಗಿ. ಅವೆಲ್ಲ ಎದ್ದು ಹೋದವು. ಆ ನೆನೆದ ಮರದ ವಾಸನೆ ಮಾತ್ರ ಹಾಗೇ ನಿಂತಿತ್ತು. "ಇವಳೇ, ಹೋಗು," ಎಂದೆ. ಕದಲಲಿಲ್ಲ. "ಸುಲೋಚನಳ ತಾಯಿ, ಹೋಗು." ಕದಲಲಿಲ್ಲ. "ನನ್ನ ಹೆಂಡತಿ, ಹೋಗು." ಪಕ್ಕದ ಜಗಲಿಯಿಂದ ಮಗಳ ದನಿ ಕೇಳಿಸಿತು: "ಅಪ್ಪಾ, ಹೆಸರು! ಹೆಸರು ಹೇಳಿ!" ಅದರ ಹಿಂದೆಯೇ ಮಗುವಿನ ಆ ಗೊರಗೊರ. ಅಲ್ಲಿಂದ ನಿಜವಾಗಿ ಕೇಳಿಸಿತೋ, ನನ್ನ ಕಿವಿಯಲ್ಲೇ ಇತ್ತೋ, ಗೊತ್ತಿಲ್ಲ.

"ಮುರಿಗೆಮ್ಮ," ಎಂದೆ. "ಹೋಗು ತಾಯಿ."

ನನ್ನ ದನಿ ನನಗೇ ಯಾರದೋ ಎನಿಸಿತು. ಮೊರ ಬೀಸುತ್ತ ಪಡಸಾಲೆಗೆ ಬಂದೆ, ಮುಂಬಾಗಿಲಿಗೆ ಬಂದೆ. ಆಗ ನನ್ನ ಎಡಗಡೆಯಿಂದ, ಯಾವಾಗಲೂ ಅವಳು ಮೊರ ಹಿಡಿದು ನಿಲ್ಲುತ್ತಿದ್ದ ಕಡೆಯಿಂದ, ಒಂದು ವಾಸನೆ ನನ್ನನ್ನು ಸವರಿಕೊಂಡು ಹೋಯಿತು. ಆ ನೆನೆದ ಮರದ್ದಲ್ಲ. ಬಿಸಿಲಿಗೆ ಹಾಕಿ ಕೊಡವಿದ ಹತ್ತಿಯ ಹಾಸಿಗೆ. ಎಳ್ಳು ಹುರಿದು ಇಳಿಸಿದ ಬಾಣಲೆ. ಸೀಗೆಪುಡಿ. ಇವೆಲ್ಲದರ ಅಡಿಯಲ್ಲಿ, ಸಣ್ಣಗೆ, ಬಿಡದೆ, ಅಚ್ಚಿನ ಮಸಿ.

ಅದು ಹೊಸಿಲು ದಾಟುವಾಗ ನನಗೆ ತಿಳಿಯಿತು, ಇದು ಅವಳು. ಕೆಮ್ಮಿಗೆ ಮುಂಚೆ, ಮಂಚಕ್ಕೆ ಮುಂಚೆ, ನಮ್ಮ ಮನೆಯಲ್ಲಿ ಓಡಾಡಿಕೊಂಡಿದ್ದವಳು ಇವಳು. ಮೊಂಡು ಮಸಿ ಎಂದು ಬೈಯುತ್ತ ಸಂಜೆ ಸಂಜೆ ಬೀಸುತ್ತಿದ್ದಳಲ್ಲ, ಅದು ದಾಟಿ ಹೋಗಿರಲೇ ಇಲ್ಲ. ಅವಳಲ್ಲೇ ನಿಂತುಬಿಟ್ಟಿತ್ತು. "ನಿಲ್ಲು," ಎಂದೆ. ಮೊರ ಕೈಯಲ್ಲಿತ್ತು. ನಮ್ಮ ಊರಿನಲ್ಲಿ ಕಳಿಸುವುದಕ್ಕೆ ಮಾತಿದೆ, ನಿಲ್ಲಿಸುವುದಕ್ಕೆ ಇಲ್ಲ. ಬೀದಿಯಲ್ಲಿ ಅವರವರ ಹೊಸಿಲಲ್ಲಿ ಬೀಸುತ್ತಿದ್ದವರೆಲ್ಲ ಮೊರ ಇಳಿಸಿ ನಿಂತರು. ರುದ್ರಾಣಮ್ಮ ಜಗಲಿಯಿಂದ ಎದ್ದು ಕೈಮುಗಿದರು. "ಬದನೆಕಾಯಿ ತರಲಿಲ್ವೇನೇ ಅಕ್ಕಾ," ಎಂದು ಬಾಯಿಗೆ ಸೆರಗು ತುರುಕಿಕೊಂಡರು. ಅವಳು ಬೀದಿಯ ಕೊನೆಯವರೆಗೆ ಹೋಗಿ ಗುಡ್ಡದ ಕಡೆಗೆ ತಿರುಗಿದಳು.

ನಾನು ಹೊಸಿಲ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ. ತಿರುಗಿ ಒಳಗೆ ಹೋದೆ. ಕೋಣೆಯ ಬಾಗಿಲಲ್ಲಿ ಕಾಲು ನಿಂತಿತು. ಆ ನೆನೆದ ಮರದ ವಾಸನೆ, ಸ್ವಲ್ಪ ಸಿಹಿಯಾದದ್ದು, ನಾನು ತಿಂಗಳುಗಟ್ಟಲೆ ಮುಖ ಇಟ್ಟು ಮಲಗಿದ್ದು, ಶಿವನ ಹತ್ತಿರ ಬೇಡಿಕೊಂಡು ಉಳಿಸಿಕೊಂಡದ್ದು, ಇದ್ದಲ್ಲೇ ಇತ್ತು. ಒಂದು ಎಳೆಯೂ ಕಡಿಮೆಯಾಗಿರಲಿಲ್ಲ.

ರುದ್ರಾಣಮ್ಮ ನನ್ನ ಹಿಂದೆಯೇ ಬಂದಿದ್ದರು. ಹೆಸರು ಹೇಳಿಯಾದ ಮೇಲೆ ಅದು ಸಾವಿನ ಮನೆಯಲ್ಲ. ಅವರ ಬಾಯಿಗೆ ಹಾಕಿದ್ದ ಬೀಗ ಬಿಚ್ಚಿತ್ತು. ಹೊಸಿಲಿಗೆ ವಾಪಸು ಹೋಗಿ ನಿಂತು, ಪದ್ಧತಿಯಂತೆ, ದೊಡ್ಡ ದನಿಯಲ್ಲಿ, ಅಳುತ್ತ ಹೇಳಿದರು: "ಮರುಳಣ್ಣ, ನಿಮ್ಮನೇಲಿ ಏನೋ ಉಳಿದಿದೆ."

ಬೀದಿಯವರು ಬಂದರು. ಮಂಚ ಸರಿಸಿದರು. ತೇಗದ ಬೀರುವನ್ನು ನಾಲ್ಕು ಜನ ಹಿಡಿದು ಮುಂದಕ್ಕೆಳೆದರು. ಬೀರುವಿನ ಬೆನ್ನು ಗೋಡೆಯಿಂದ ಕಿತ್ತುಬಂದಾಗ ಚರ್ಮ ಸುಲಿದಂಥ ಸದ್ದಾಯಿತು. ಗೋಡೆ ನೆಲದಿಂದ ಆಳೆತ್ತರದವರೆಗೆ ಕಪ್ಪಾಗಿತ್ತು. ಬೂಷ್ಟು. ಕೆಲವು ಕಡೆ ಹಸಿರು, ಕೆಲವು ಕಡೆ ಬೂದಿಯ ಬಣ್ಣದ ನಯವಾದ ರೋಮ, ಬೆಕ್ಕಿನ ಮರಿಯ ಬೆನ್ನಿನ ಹಾಗೆ. ಗೋಡೆಯ ಆಚೆ ಬಚ್ಚಲು. ಹಂಡೆಯ ಕೆಳಗಿನ ಕಲ್ಲು ಸಡಿಲಗೊಂಡು, ಹುಯ್ದ ನೀರೆಲ್ಲ ಯಾವ ಕಾಲದಿಂದಲೋ ಗೋಡೆಯೊಳಕ್ಕೆ ಇಳಿಯುತ್ತಿತ್ತು. ಬಾಣಂತಿಗೆ ಹುಯ್ದ ಕೊಡ ಕೊಡ ನೀರೂ ಇಳಿದಿತ್ತು. ಮೂಗಿಗೆ ಸೆರಗು ಹಿಡಿದು ನಿಂತ ರುದ್ರಾಣಮ್ಮ ಗೋಡೆಯನ್ನೇ ನೋಡುತ್ತ ಹೇಳಿದರು: "ಅಕ್ಕ ಮಲಗಿದ್ದಾಗಲೇ ನನಗೆ ಬಡೀತಿತ್ತು ಮರುಳಣ್ಣ. ಕಾಯಿಲೆ ವಾಸನೆ ಅಂದ್ಕೊಂಡೆ. ಕಾಯಿಲೆ ಮನೇಲಿ ಹೇಳಬಾರದು ಅಂತ ನುಂಗ್ಕೊಂಡೆ. ಕಾಯಿಲೆಯಿಂದ ಇದು ಬಂತು ಅಂದ್ಕೊಂಡೆ ಕಣಪ್ಪ. ಇದರಿಂದ ಕಾಯಿಲೆ ಬಂತು ಅಂತ ಹೊಳೀಲೇ ಇಲ್ಲ."

ಮಗಳ ಮನೆಯಲ್ಲಿ ನಾಲ್ಕು ದಿನ ಗೆಲುವಾಗಿ ಇದ್ದು ಬರುತ್ತಿದ್ದವಳನ್ನು ನೆನೆದುಕೊಂಡೆ. ಗಾಳಿ ತಾಗಬಾರದೆಂದು ತುರುಕಿದ ಪಂಚೆ ಕಾಲ ಬಳಿ ಬಿದ್ದಿತ್ತು. ಸುಲೋಚನ ಅದನ್ನೂ ಗೋಡೆಯನ್ನೂ ಒಮ್ಮೆ ನೋಡಿದಳು. ನನ್ನನ್ನು ನೋಡಲಿಲ್ಲ. ಆಮೇಲೆ ಬಂದು ನನ್ನ ತೋಳು ಹಿಡಿದು ಪಡಸಾಲೆಗೆ ಕರೆತಂದು ಕೂರಿಸಿ, ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು. "ಹಿಡ್ಕೊಳ್ಳಿ ಅಪ್ಪಾ. ನನಗೆ ಆ ಗೋಡೆ ತೊಳೆಯೋರನ್ನ ಕರೀಬೇಕು," ಎಂದಳು.

ಬೂಷ್ಟು, ಹೋಗು ಎಂದು ಆ ಸಂಜೆ ಸುಲೋಚನಳೇ ಮೊರ ಹಿಡಿದು ಹೇಳಿದಳು. ಹೊಸಿಲು ದಾಟಿತು, ಬೆಳಗಾಗುವಷ್ಟರಲ್ಲಿ ಮತ್ತೆ ಅಷ್ಟೇ ಹುಟ್ಟಿತ್ತು. ಗೋಡೆ ಒದ್ದೆಯಿರುವವರೆಗೆ ಯಾರು ಏನು ಹೇಳಿದರೂ ಅದು ಹುಟ್ಟುತ್ತಲೇ ಇರುತ್ತದೆ. ತಾಯಿ ಮಗು ರುದ್ರಾಣಮ್ಮನ ಮನೆಗೆ ಹೋದರು. ಗಾರೆಯವರು ಬಂದು ಗೋಡೆಯನ್ನು ಇಟ್ಟಿಗೆಯವರೆಗೆ ಕೆತ್ತಿ, ಬಚ್ಚಲಿನ ಕಲ್ಲು ಕಿತ್ತು ಹೊಸದಾಗಿ ಹಾಕಿ, ಕಿಟಕಿಗಳನ್ನು ತೆರೆದಿಟ್ಟು ಬಿಸಿಲಿಗೆ ಒಣಗಿಸಿದರು. ಇವಳ ಸೀರೆಗಳು, ದಿಂಬು, ಹಾಸಿಗೆ ಎಲ್ಲದರೊಳಗೂ ಬೂಷ್ಟು ಇಳಿದಿತ್ತು. ಊರಾಚೆ ಒಯ್ದು ಸುಟ್ಟೆವು. ಸುಡುವ ಮುಂಚೆ ಒಂದು ಸೀರೆಯನ್ನು ಮೂಗಿಗೆ ಹಿಡಿದು ನೋಡಿದೆ. ಹತ್ತಿ ಇರಲಿಲ್ಲ, ಎಳ್ಳು ಇರಲಿಲ್ಲ, ಮಸಿ ಇರಲಿಲ್ಲ. ನಾನೇ ಕಳಿಸಿಕೊಟ್ಟಿದ್ದೆನಲ್ಲ.

ಮಗುವಿನ ಗೊರಗೊರ ನಿಧಾನವಾಗಿ ಇಳಿಯಿತು. ಡಾಕ್ಟರ್ ಸರ್ವಮಂಗಳ ಬಂದು ಎದೆಗೆ ಕೊಳವೆ ಇಟ್ಟು ಕೇಳಿ, ಮೊದಲ ಸಲ ನಕ್ಕರು. "ನಾನು ಅವತ್ತೇ ಹೇಳಬೇಕಿತ್ತು," ಎಂದರು. ಅವರು ಹೇಳಿದ್ದರೆ ನಾನು ಅವರನ್ನು ಮನೆಯಿಂದ ಹೊರಗೆ ಕಳಿಸುತ್ತಿದ್ದೆ ಎಂಬುದು ನನಗೆ ಗೊತ್ತಿತ್ತು. ಮಗುವಿಗೆ ಈಗ ಹಲ್ಲು ಬಂದಿದೆ. ಭಾನುವಾರ ಕರೆದುಕೊಂಡು ಬರುತ್ತಾರೆ. ಆ ಕೋಣೆಯಲ್ಲಿ ಬರಿಯ ನೆಲದ ಮೇಲೆ ತೆವಳಿಕೊಂಡು ಹೊಸ ಸುಣ್ಣದ ಗೋಡೆಗೆ ಕೈ ಬಡಿದು ಕೂಗುತ್ತದೆ. ಅದರ ಉಸಿರು ಕೇಳಿಸುವುದಿಲ್ಲ. ಉಸಿರು ಕೇಳಿಸದಿರುವುದು ಎಷ್ಟು ದೊಡ್ಡ ಭಾಗ್ಯವೆಂದು ಆಗ ಶಿವನನ್ನು ನೆನೆಯುತ್ತೇನೆ. ಅವನ ಜೊತೆ ನನ್ನ ಮಾತು ಕೆಲವು ದಿನ ನಿಂತಿತ್ತು. ಈಗ ಮತ್ತೆ ಶುರುವಾಗಿದೆ.

ಸಂಜೆ ಮೊರ ಹಿಡಿದು ಮನೆಯದನ್ನೆಲ್ಲ ಕಳಿಸುತ್ತೇನೆ. ಕಳಿಸುವುದು ಹೆಚ್ಚೇನಿರುವುದಿಲ್ಲ. ಎಲ್ಲ ಮುಗಿದ ಮೇಲೆ ಮೊರವನ್ನು ಗೋಡೆಯ ಮೊಳೆಗೆ ನೇತುಹಾಕಿ ಬಂದು ಜಗಲಿಯ ಮೇಲೆ ಕೂರುತ್ತೇನೆ. ಬೀದಿಯ ವಾಸನೆಗಳೆಲ್ಲ ಗುಡ್ಡದ ಕಡೆ ಹೋಗಿ ಆಗಿರುತ್ತದೆ. ಆಗ ಮೆಲ್ಲಗೆ, "ಮುರಿಗೆಮ್ಮ," ಎನ್ನುತ್ತೇನೆ. ಈಗ ಬಾಯಿಗೆ ಸಲೀಸಾಗಿ ಬರುತ್ತದೆ. ಮೊದಮೊದಲು ರುದ್ರಾಣಮ್ಮ ಕೇಳಿಯೂ ಕೇಳದವರಂತೆ ಇರುತ್ತಿದ್ದರು. ಮೊನ್ನೆ ತಡೆಯಲಾರದೆ ತಮ್ಮ ಜಗಲಿಯಿಂದಲೇ ಕೂಗಿದರು.

"ಮರುಳಣ್ಣ, ಕೈಯಲ್ಲಿ ಮೊರ ಇಲ್ದೆ ಹೆಸರು ಹೇಳಿದ್ರೆ ಏನೂ ಹೋಗಲ್ಲಪ್ಪ."

"ಗೊತ್ತು ರುದ್ರಾಣಮ್ಮ," ಎಂದೆ.